ಕೊಯ್ದ ಮೇಲೂ ಬೆಳೆಯುವ ಲಿವರ್

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾಗಿ ಮೂತ್ರ ಕೆಂಪಗಾಯಿತೆಂದರೆ ಮನೆಯ ಹಿರಿಯರ ಬಾಯಲ್ಲಿ ಬರುವ ಮೊದಲ ಮಾತು 'ಕಾಮಣಿ ಆಗೇತಿ'. ಎರಡನೆಯ ಮಾತು, ಕಾಮಣಿಗೆ ಔಷಧ ಕೊಡುವವರು ಯಾವ ಊರಲ್ಲಿದ್ದಾರೆ ಎಂಬುದು. ಬೆಳಗಿನ ಬರಿಹೊಟ್ಟೆಯಲ್ಲಿ ಸೊಪ್ಪಿನ ರಸ, ಎಣ್ಣೆ-ಖಾರ ಬಿಟ್ಟು ಮಜ್ಜಿಗೆ-ನುಚ್ಚಿನ ಪಥ್ಯ, ಹಳೆಯ ಪದ್ಧತಿಯವರಾದರೆ ತೋಳಿನ ಮೇಲೊಂದು ಬರೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಕಣ್ಣು ತಿಳಿಯಾಗುತ್ತದೆ, ಹಸಿವು ಮರಳುತ್ತದೆ. ಔಷಧ ಕೊಟ್ಟವರ ಹೆಸರು ಇನ್ನೂ ನಾಲ್ಕು ಊರಿಗೆ ಹಬ್ಬುತ್ತದೆ.

ಆ ಹೆಸರಿನಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಬೇರೆಯವರಿಗೆ. ಬಲಗಡೆ ಪಕ್ಕೆಲುಬಿನ ಮರೆಯಲ್ಲಿ ಒಂದೂಕಾಲು, ಒಂದೂವರೆ ಕಿಲೋ ತೂಕದ ಕಂದುಬಣ್ಣದ ಅಂಗವೊಂದಿದೆ. ಶಾಲೆಯ ಪುಸ್ತಕದಲ್ಲಿ ಅದು ಪಿತ್ತಜನಕಾಂಗ, ವೈದ್ಯರ ಚೀಟಿಯಲ್ಲಿ ಲಿವರ್, ಸಂತೆಯ ಮಟನ್ ಅಂಗಡಿಯಲ್ಲಿ ಕಲೀಜ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ 'ಎ' ಮತ್ತು 'ಇ' ವೈರಸ್ಸುಗಳು ಈ ಅಂಗದ ಜೀವಕೋಶಗಳಲ್ಲಿ ಬೀಡುಬಿಡುತ್ತವೆ. ದೇಹವು ಅವನ್ನು ಓಡಿಸುವ ಗದ್ದಲದಲ್ಲಿ ಲಕ್ಷಗಟ್ಟಲೆ ಕೋಶಗಳು ಸಾಯುತ್ತವೆ. ಆದರೆ ಸತ್ತವುಗಳ ಜಾಗವನ್ನು ಉಳಿದವು ತುಂಬಿಬಿಡುತ್ತವೆ. ಹೆಚ್ಚಿನವರಲ್ಲಿ ಇದು ಔಷಧ ಕುಡಿದರೂ ನಡೆಯುತ್ತದೆ, ಕುಡಿಯದಿದ್ದರೂ ನಡೆಯುತ್ತದೆ.

ಹಾಗೆಂದು ಗಿಡಮೂಲಿಕೆಗಳನ್ನೆಲ್ಲ ವಿಜ್ಞಾನಿಗಳು ನೋಡದೆಯೇ ತಳ್ಳಿಹಾಕಿದ್ದಾರೆ ಎನ್ನುವಂತಿಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ನೆಲನೆಲ್ಲಿಯನ್ನು ಮದರಾಸಿನ ಸಂಶೋಧಕರು ಹೆಪಟೈಟಿಸ್ 'ಬಿ' ವೈರಸ್ ಹೊತ್ತವರಿಗೆ ಕೊಟ್ಟು ನೋಡಿ, ಫಲ ಸಿಕ್ಕಿತೆಂದು 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ಕಿವಿ ನಿಮಿರಿಸಿತ್ತು. ಮುಂದೆ ಬೇರೆ ದೇಶಗಳಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಆ ಫಲ ಕಾಣಲಿಲ್ಲ. ತಾನಾಗಿ ಗುಣವಾಗುವ ಅಂಗದ ಮೇಲೆ ಔಷಧವನ್ನು ಪರೀಕ್ಷಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದೊಂದು ಉದಾಹರಣೆ.

ಲಿವರಿನ ಈ ಶಕ್ತಿ ಕಾಮಣಿಯಲ್ಲಿ ಮರೆಯಲ್ಲೇ ಇರುತ್ತದೆ. ಕಣ್ಣಿಗೆ ಕಟ್ಟಿದಂತೆ ಕಾಣುವುದು ಶಸ್ತ್ರಚಿಕಿತ್ಸೆಯ ನಂತರ.

ಲಿವರನ್ನು ಕೊಯ್ಯುವ ಪ್ರಸಂಗಗಳು ಹಲವು. ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಗಡ್ಡೆ, ದೊಡ್ಡ ಕರುಳಿನಿಂದ ಹಬ್ಬಿ ಬಂದ ಗಡ್ಡೆ, ಅಪಘಾತದಲ್ಲಿ ಹರಿದುಹೋದ ಭಾಗ ಇತ್ಯಾದಿ. ಕುರಿ ಸಾಕುವ ಸೀಮೆಗಳಲ್ಲಿ ಇನ್ನೊಂದಿದೆ: ಹೈಡ್ಯಾಟಿಡ್ ಎಂಬ ನೀರುಗುಳ್ಳೆ. ಕುರಿ ಕೊಯ್ದಾಗ ಬಿಸಾಡಿದ ಕಲೀಜವನ್ನೋ ಪುಪ್ಪುಸವನ್ನೋ ನಾಯಿ ತಿಂದರೆ ಅದರೊಳಗಿನ ಹುಳು ನಾಯಿಯ ಕರುಳಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಮೈಯಿಂದ, ಮಲದಿಂದ, ತೊಳೆಯದ ಕೈಯ ಮೂಲಕ ಮನುಷ್ಯನ ಹೊಟ್ಟೆ ಸೇರುತ್ತವೆ. ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಊದುತ್ತವೆ. ಕುರಿಹಟ್ಟಿಯ ನಾಯಿಗೆ ಹಸಿ ಕಲೀಜ ಹಾಕದಿರುವುದು ಒಂದು ಆಪರೇಶನ್ ಉಳಿಸಬಲ್ಲ ಉಪಾಯ. ಇವೆಲ್ಲದರ ಜೊತೆಗೆ ಈಚಿನ ದಶಕಗಳಲ್ಲಿ ಸೇರಿದ್ದು, ಆರೋಗ್ಯವಂತರು ತಮ್ಮವರಿಗಾಗಿ ಲಿವರಿನ ಒಂದು ಭಾಗವನ್ನು ಕೊಡುವ ಶಸ್ತ್ರಚಿಕಿತ್ಸೆ.

ಯಾವುದೇ ಇರಲಿ, ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ವೈದ್ಯರ ಎದುರು ಕೂತ ಮನೆಮಂದಿ ಕೇಳುವ ಪ್ರಶ್ನೆ ಒಂದೇ: 'ಅರ್ಧಕ್ಕರ್ಧ ತಗದ್ರ ಮನಷ್ಯಾ ಉಳೀತಾನೇನ್ರಿ ಸಾಹೇಬ್ರ?' ಅದಕ್ಕೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ ಸಾಲಿನದು: 'ಲಿವರ್ ಮತ್ತ ಬೆಳೀತದ, ಚಿಂತಿ ಮಾಡಬ್ಯಾಡ್ರಿ.' ಉತ್ತರ ಸುಳ್ಳಲ್ಲ. ಆದರೆ ಏನು ಬೆಳೆಯುತ್ತದೆ, ಹೇಗೆ ಬೆಳೆಯುತ್ತದೆ, ಯಾವಾಗ ಬೆಳೆಯುವುದಿಲ್ಲ ಎಂಬುದೆಲ್ಲ ಆ ಸಾಲಿನಲ್ಲಿ ಅಡಗಿಹೋಗುತ್ತದೆ. ಸಹಿ ಹಾಕುವವರಿಗೆ ಬೇಕಾದದ್ದು ಅದೇ.

ಮೊದಲನೆಯದಾಗಿ, ಕೊಯ್ದ ಜಾಗದಲ್ಲಿ ಹೊಸ ತುಂಡು ಚಿಗುರುವುದಿಲ್ಲ. ಕಬ್ಬು ಕಡಿದ ಮೇಲೆ ಬುಡದಿಂದ ಕುಳೆ ಒಡೆಯುತ್ತದಲ್ಲ, ಹಲ್ಲಿಯ ಬಾಲ ಬೆಳೆಯುತ್ತದಲ್ಲ, ಇದು ಹಾಗಲ್ಲ. ಇದಕ್ಕೆ ಹತ್ತಿರದ ಹೋಲಿಕೆ ಉಳ್ಳಾಗಡ್ಡಿ ಹೊಲ. ದಟ್ಟವಾಗಿ ಬೆಳೆದ ಸಾಲಿನಲ್ಲಿ ಮೂರರಲ್ಲೆರಡು ಸಸಿ ಕಿತ್ತು ಹಾಕಿದರೆ ಕಿತ್ತ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ, ಉಳಿದ ಗಡ್ಡೆಗಳು ದಪ್ಪವಾಗುತ್ತವೆ. ಲಿವರಿನಲ್ಲೂ ಹೋದ ಹಾಲೆ ಹೋಯಿತು. ಉಳಿದ ಹಾಲೆಗಳು ಒಟ್ಟು ತೂಕ ಮೊದಲಿನಷ್ಟಾಗುವ ತನಕ ಬೆಳೆಯುತ್ತವೆ. ಆಕಾರ ಬದಲಾಗಿರುತ್ತದೆ, ಕೆಲಸ ಮಾತ್ರ ಅದೇ.

ಇದನ್ನು ಅಳೆದು ತೋರಿಸಿದ್ದು ಅಮೆರಿಕದ ಮೇಯೊ ಸಂಸ್ಥೆಯ ಹಿಗಿನ್ಸ್ ಮತ್ತು ಆ್ಯಂಡರ್ಸನ್, 1931ರಲ್ಲಿ. ಇಲಿಯ ಲಿವರಿಗೆ ಹಲವು ಹಾಲೆಗಳಿವೆ. ಅವುಗಳಲ್ಲಿ ಎರಡು ದೊಡ್ಡ ಹಾಲೆಗಳನ್ನು ಬುಡದಲ್ಲಿ ದಾರ ಕಟ್ಟಿ ಕತ್ತರಿಸಿದರೆ ಸುಮಾರು ಮೂರರಲ್ಲೆರಡು ಭಾಗ ಹೊರಬರುತ್ತದೆ. ಉಳಿದ ಹಾಲೆಗಳಿಗೆ ಗಾಯವೇ ಆಗುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಇಲಿಯ ಲಿವರ್ ಹಳೆಯ ತೂಕಕ್ಕೆ ಮರಳುತ್ತದೆ. ಇಷ್ಟು ಸರಳವಾದ, ಎಷ್ಟು ಸಲ ಮಾಡಿದರೂ ಒಂದೇ ಫಲ ಕೊಡುವ ಪ್ರಯೋಗ ಜೀವವಿಜ್ಞಾನದಲ್ಲಿ ವಿರಳ. ತೊಂಬತ್ತು ವರ್ಷ ಮೀರಿದರೂ ಪ್ರಯೋಗಾಲಯಗಳು ಅದನ್ನು ಬಿಟ್ಟಿಲ್ಲ. ಗ್ರೀಕರ ಕಥೆಯಲ್ಲಿ ಪ್ರೊಮಿಥಿಯಸ್‌ನ ಲಿವರನ್ನು ಹದ್ದು ಹಗಲಲ್ಲಿ ತಿಂದರೆ ರಾತ್ರಿ ಅದು ಬೆಳೆಯುತ್ತಿತ್ತಂತೆ. ಪ್ರಾಚೀನರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಹೇಳುವವರು ಈ ಕಥೆಯನ್ನು ಮುಂದಿಡುತ್ತಾರೆ. ಒಂದೇ ರಾತ್ರಿಯಲ್ಲಿ ಲಿವರ್ ಬೆಳೆಸಿಕೊಳ್ಳುವ ಪ್ರಾಣಿ ಯಾವುದೂ ಇಲ್ಲವಾದ್ದರಿಂದ ಅದನ್ನು ಕಥೆಯಾಗಿ ಓದುವುದೇ ಲೇಸು.

ಹಾಗಿದ್ದರೆ ಗಾಯವೇ ಆಗದ ಹಾಲೆಗೆ ಪಕ್ಕದ ಹಾಲೆ ಹೋದ ಸುದ್ದಿ ತಲುಪಿಸುವವರು ಯಾರು?

ನರಗುಂದದ ರೈತರಿಗೆ ಇದರ ಅರ್ಧ ಉತ್ತರ ಬೇಗ ತಿಳಿದೀತು. ಮಲಪ್ರಭೆಯ ನೀರು ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗೆ ಬಂದು ಅಲ್ಲಿಂದ ಕವಲುಗಾಲುವೆಗಳಿಗೆ ಹಂಚಿಹೋಗುತ್ತದೆ. ಮೇಲಿನಿಂದ ಬರುವ ನೀರನ್ನು ಅಷ್ಟೇ ಬಿಟ್ಟು ಮೂರರಲ್ಲೆರಡು ಕವಲುಗಳ ಬಾಗಿಲು ಹಾಕಿದರೆ ಉಳಿದ ಕವಲುಗಳಲ್ಲಿ ನೀರು ಮೂರುಪಟ್ಟು ರಭಸದಿಂದ ನುಗ್ಗುತ್ತದೆ. ಮನುಷ್ಯನ ಲಿವರಿಗೆ ನಿಮಿಷಕ್ಕೆ ಒಂದೂವರೆ ಲೀಟರಿನಷ್ಟು ರಕ್ತ ಹರಿಯುತ್ತದೆ. ಅದರ ಮುಕ್ಕಾಲು ಪಾಲು ಕರುಳಿನಿಂದ ಬರುವ ದ್ವಾರರಕ್ತನಾಳದ್ದು. ಆಯುರ್ವೇದವೂ ಯಕೃತ್ತನ್ನು ರಕ್ತದ ದಾರಿಗಳ ಮೂಲವೆಂದೇ ಎಣಿಸಿತ್ತು. ಲಿವರನ್ನು ಕೊಯ್ದರೂ ಕರುಳಿನಿಂದ ಬರುವ ರಕ್ತ ಕಡಿಮೆಯಾಗುವುದಿಲ್ಲ. ಉಳಿದ ತುಂಡೇ ಅಷ್ಟನ್ನೂ ನುಂಗಬೇಕು. ಈ ರಭಸವೇ ನಾಳಗಳ ಒಳಗೋಡೆಯನ್ನು ಉಜ್ಜಿ ಮೊದಲ ಎಚ್ಚರಿಕೆ ಕೊಡುತ್ತದೆ. ಕಾಲುವೆಯಂತೆಯೇ ಇಲ್ಲೂ ರಭಸ ಅತಿಯಾದರೆ ಒಡ್ಡು ಒಡೆಯುತ್ತದೆ. ಉಳಿದ ತುಂಡು ತೀರಾ ಚಿಕ್ಕದಾದಾಗ ಸರ್ಜನ್ನರು ಗುಲ್ಮಕ್ಕೆ ಹೋಗುವ ರಕ್ತನಾಳವನ್ನು ಕಟ್ಟಿ ಒತ್ತಡ ತಗ್ಗಿಸುವುದುಂಟು.

ಉಳಿದರ್ಧ ಉತ್ತರ ರಕ್ತದಲ್ಲೇ ಇದೆ. ಅಮೆರಿಕದ ನ್ಯಾನ್ಸಿ ಬುಕರ್ ಮತ್ತು ಜೊತೆಯವರು 1951ರಲ್ಲಿ ಎರಡು ಇಲಿಗಳನ್ನು ಅವಳಿಗಳಂತೆ ಪಕ್ಕಕ್ಕೆ ಪಕ್ಕ ಹೊಲಿದು, ರಕ್ತ ಒಂದರಿಂದ ಇನ್ನೊಂದಕ್ಕೆ ಹೋಗುವಂತೆ ಮಾಡಿದರು. ಒಂದರ ಲಿವರ್ ಕೊಯ್ದರೆ, ಚಾಕುವನ್ನೇ ಕಾಣದ ಇನ್ನೊಂದರ ಲಿವರಿನಲ್ಲೂ ಕೋಶಗಳು ಒಡೆಯತೊಡಗಿದವು. ಅಂದರೆ ರಕ್ತದಲ್ಲಿ ಏನೋ ಓಲೆ ಹೋಗುತ್ತಿದೆ. ಓಲೆಕಾರ ಯಾರೆಂದು ತಿಳಿಯಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಜಪಾನಿನ ತೊಶಿಕಾಜು ನಕಾಮುರಾ 1984ರಲ್ಲಿ ಲಿವರ್ ಕೊಯ್ದ ಇಲಿಗಳ ರಕ್ತದಲ್ಲಿ ಅದನ್ನು ಗುರುತಿಸಿದರು. ಅದಕ್ಕೆ ಎಚ್‌ಜಿಎಫ್ ಎಂದು ಹೆಸರು; ಲಿವರ್ ಕೋಶ ಬೆಳೆಸುವ ಪದಾರ್ಥ ಎಂದು ಅರ್ಥ. ಸ್ವಾರಸ್ಯವೆಂದರೆ ಇದರ ಒಂದು ದಾಸ್ತಾನು ಲಿವರಿನಲ್ಲೇ, ಕೋಶಗಳ ನಡುವಿನ ಜಾಲರಿಯಲ್ಲಿ ಮೊದಲೇ ಇರುತ್ತದೆ. ಕೊಯ್ದ ಕೆಲವೇ ನಿಮಿಷಗಳಲ್ಲಿ ಯುರೋಕೈನೇಸ್ ಎಂಬ ಕಿಣ್ವ ಚುರುಕಾಗಿ, ಬೇರೆ ಕಿಣ್ವಗಳನ್ನೂ ಎಬ್ಬಿಸಿ, ಆ ಜಾಲರಿಯನ್ನು ಸಡಿಲಿಸಿ ದಾಸ್ತಾನನ್ನು ಹೊರಗೆ ಬಿಡಿಸುತ್ತದೆ. ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಹತ್ತುಪಟ್ಟಿಗೂ ಹೆಚ್ಚು.

ಇಲ್ಲಿಂದ ಮುಂದಿನದೆಲ್ಲ ಕಿಣ್ವಗಳ ದರಬಾರು. ಕಿಣ್ವವೆಂದರೆ ಜೀವಕೋಶದೊಳಗಿನ ಕೆಲಸಗಾರ. ಒಂದೊಂದು ಕಿಣ್ವಕ್ಕೆ ಒಂದೊಂದೇ ಕಸುಬು, ಅದನ್ನು ಮಾತ್ರ ಅದು ಮಾಡುತ್ತದೆ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಇದರ ಚಿತ್ರ ಸಿಗುತ್ತದೆ. ಲಾಳಿ ಓಡುವುದನ್ನು ನೋಡಿದವರಿಗೆ ನೇಯ್ಗೆ ಎಂದರೆ ಅದೇ ಎನ್ನಿಸಬಹುದು. ಆದರೆ ಅದಕ್ಕೂ ಮುಂಚೆ ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಕಂಡಿಕೆ ಸುತ್ತುವವರು ತಮ್ಮ ಪಾಳಿ ಮುಗಿಸಿರಬೇಕು. ಬಣ್ಣ ಒಣಗದೆ ಹಾಸು ಹೂಡಲಾಗದು, ಹಾಸು ಇಲ್ಲದೆ ಲಾಳಿ ಓಡದು. ಲಿವರ್ ಕೋಶವೊಂದು ಎರಡಾಗಬೇಕಾದರೂ ಹೀಗೆಯೇ ಪಾಳಿ ಪಾಳಿಯ ಕೆಲಸ.

ಎಂದಿನ ದಿನಗಳಲ್ಲಿ ಲಿವರಿನ ಕೋಶಗಳು ಒಡೆಯುವ ಗೊಡವೆಗೇ ಹೋಗುವುದಿಲ್ಲ. ಸಾವಿರಾರು ಕೋಶಗಳಲ್ಲಿ ಒಂದು ಎರಡಾಗುತ್ತಿದ್ದರೆ ಹೆಚ್ಚು. ಓಲೆ ತಲುಪಿದ ಅರ್ಧ ಗಂಟೆಯಲ್ಲಿ ಮಲಗಿದ್ದ ಜೀನುಗಳು ಏಳುತ್ತವೆ. ಇಲಿಯಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಮೊದಲ ದೊಡ್ಡ ಕಿಣ್ವ ಮೇಲೇಳುತ್ತದೆ. ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್ ಎಂಬ ಉದ್ದ ಹೆಸರಿನದು. ಡಯಾನ್ ರಸೆಲ್ ಮತ್ತು ಸಾಲೊಮನ್ ಸ್ನೈಡರ್ 1968ರಲ್ಲಿ ಇದನ್ನು ಕೊಯ್ದ ಲಿವರಿನಲ್ಲಿ, ಕೋಳಿಯ ಭ್ರೂಣದಲ್ಲಿ ಮತ್ತು ಕ್ಯಾನ್ಸರ್ ಗಡ್ಡೆಗಳಲ್ಲಿ ಒಟ್ಟಿಗೇ ಕಂಡರು. ಮೂರಕ್ಕೂ ಇರುವ ಸಾಮ್ಯವೆಂದರೆ ವೇಗದ ಬೆಳವಣಿಗೆ. ಈ ಕಿಣ್ವ ತಯಾರಿಸುವ ವಸ್ತುವಿನ ಹೆಸರು ಪುಟ್ರೆಸಿನ್. ಕೊಳೆತ ಮಾಂಸದ ನಾತಕ್ಕೆ ಕಾರಣವಾದ ವಸ್ತುವೇ ಅದು. ಬೆಳೆಯುವ ಕೋಶಕ್ಕೂ ಅದಿಲ್ಲದೆ ನಡೆಯುವುದಿಲ್ಲ! ಪುಟ್ರೆಸಿನ್ ಮತ್ತು ಅದರ ಬಳಗದವು ಡಿಎನ್‌ಎ ಎಳೆಗಳಿಗೆ ಅಂಟಿ, ಅವುಗಳ ನಕಲು ಸರಾಗವಾಗುವಂತೆ ನೋಡಿಕೊಳ್ಳುತ್ತವೆ. ಈ ಕಿಣ್ವದ ಆಯುಸ್ಸು ಮಾತ್ರ ತೀರಾ ಕಡಿಮೆ. ಹುಟ್ಟಿದ ಅರ್ಧ ಗಂಟೆಯೊಳಗೆ ಅರ್ಧಕ್ಕೂ ಹೆಚ್ಚು ಕರಗಿಹೋಗುತ್ತದೆ. ಬೆಳವಣಿಗೆಯ ಗುಂಡಿ ಒತ್ತುವ ಕೆಲಸಗಾರ ಹೆಚ್ಚು ಹೊತ್ತು ನಿಲ್ಲದಂತೆ ದೇಹ ಇಟ್ಟುಕೊಂಡಿರುವ ಎಚ್ಚರ ಇದು.

ಹನ್ನೆರಡು ಗಂಟೆ ದಾಟಿದ ಮೇಲೆ ಎರಡನೆಯ ಪಾಳಿ. ಡಿಎನ್‌ಎಯ ನಕಲಿಗೆ ನಾಲ್ಕು ಬಗೆಯ ಅಕ್ಷರಗಳು ಬೇಕು. ಅವುಗಳನ್ನು ಅಚ್ಚುಹಾಕುವ ಕಿಣ್ವಗಳು ಶಾಂತವಾಗಿದ್ದ ಲಿವರಿನಲ್ಲಿ ಇದ್ದೂ ಇಲ್ಲದಂತಿರುತ್ತವೆ. ಈಗ ಅವು ಹಲವು ಪಟ್ಟು ಹೆಚ್ಚುತ್ತವೆ. ಇವುಗಳಲ್ಲಿ ಥೈಮಿಡಿನ್ ಕೈನೇಸ್ ಎಂಬುದನ್ನು ಸಂಶೋಧಕರು ಬೆಳವಣಿಗೆಯ ಅಳತೆಗೋಲಾಗಿಯೇ ಬಳಸುತ್ತಾ ಬಂದಿದ್ದಾರೆ. ಅದರ ಚಟುವಟಿಕೆ ಏರಿತೆಂದರೆ ಡಿಎನ್‌ಎ ನಕಲು ನಡೆದಿದೆ ಎಂದೇ ಲೆಕ್ಕ. ವಿಕಿರಣ ಸೂಸುವ ಥೈಮಿಡಿನ್ ಚುಚ್ಚಿ, ಅದು ಎಷ್ಟು ಕೋಶಗಳ ಒಡಲು ಸೇರಿತೆಂದು ಎಣಿಸಿದರೆ ಇಲಿಯಲ್ಲಿ 24ನೆಯ ಗಂಟೆಗೆ ಎಣಿಕೆ ತುತ್ತತುದಿಗೇರುತ್ತದೆ. ಚಿಕ್ಕ ಇಲಿಯಲ್ಲಿ ಇದಕ್ಕೆ ಒಂದೂವರೆ ದಿನ ಬೇಕು. ಆರೆಂಟು ಗಂಟೆ ಕಳೆದು ಕೋಶ ಎರಡಾಗುತ್ತದೆ. ಉಳಿದ ತುಂಡಿನ ಬಹುಪಾಲು ಎಲ್ಲ ಕೋಶಗಳೂ ಒಂದು ಸಲವಾದರೂ ಒಡೆಯುತ್ತವೆ, ಕೆಲವು ಎರಡು ಸಲ. ಮೂರು ದಿನದಲ್ಲಿ ಹೆಚ್ಚಿನ ಕೆಲಸ ಮುಗಿದಿರುತ್ತದೆ. ಮನುಷ್ಯನಲ್ಲಿ ಇದೇ ಪಾಳಿಗಳು ನಿಧಾನವಾಗಿ ನಡೆಯುತ್ತವೆ. ಮೊದಲ ಕೆಲವು ವಾರಗಳಲ್ಲಿ ಲಿವರ್ ಬೇಗ ಬೆಳೆದು, ಪೂರ್ತಿಯಾಗಲು ತಿಂಗಳುಗಳು ಬೇಕು.

ಇಷ್ಟೆಲ್ಲದರ ನಡುವೆ ಗಡಿಯಾರವೂ ಇದೆ. ಜಪಾನಿನ ಸಂಶೋಧಕರು ಚಿಕ್ಕ ಇಲಿಗಳಲ್ಲಿ ಕೆಲವಕ್ಕೆ ದಿನದ ಒಂದು ಹೊತ್ತಿನಲ್ಲಿ, ಕೆಲವಕ್ಕೆ ಇನ್ನೊಂದು ಹೊತ್ತಿನಲ್ಲಿ ಲಿವರ್ ಕೊಯ್ದು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಿಎನ್‌ಎ ನಕಲು ಎರಡರಲ್ಲೂ ಕೊಯ್ದ ಹೊತ್ತಿನಿಂದ ಲೆಕ್ಕ ಹಾಕಿದಂತೆ ನಡೆಯಿತು. ಕೋಶ ಒಡೆಯುವ ಕ್ಷಣ ಮಾತ್ರ ದಿನದ ನಿಗದಿತ ವೇಳೆಗಾಗಿ ಕಾಯಿತು. ಬಾಗಿಲು ಕಾಯುತ್ತಿದ್ದುದು ಮತ್ತೊಂದು ಕಿಣ್ವ, 'ವೀ-1' ಎಂದು ಅದರ ಹೆಸರು. ದೇಹದ ದಿನಚರಿಯ ಗಡಿಯಾರ ಅದರ ಪ್ರಮಾಣವನ್ನು ಏರಿಸಿ ಇಳಿಸುತ್ತಿತ್ತು. ಮುಹೂರ್ತ ನೋಡಿ ಕೆಲಸ ಮಾಡುವವರು ಪಂಚಾಂಗದವರು ಮಾತ್ರವಲ್ಲ ಎನ್ನಬೇಕು.

ಬೇರೆ ಅಂಗಕ್ಕೆ ಗಾಯವಾದರೆ ಅದಕ್ಕೆ ವಿಶ್ರಾಂತಿ ಕೊಡಬಹುದು. ಮುರಿದ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಬಹುದು. ಲಿವರಿಗೆ ಆ ಭಾಗ್ಯವಿಲ್ಲ. ಮೂರರಲ್ಲಿ ಒಂದು ಪಾಲು ಉಳಿದಿದ್ದರೂ ಅದೇ ರಕ್ತದ ಸಕ್ಕರೆ ಕಾಯಬೇಕು, ರಕ್ತ ಹೆಪ್ಪುಗಟ್ಟಿಸುವ ಪ್ರೊಟೀನು ತಯಾರಿಸಬೇಕು, ಅಮೋನಿಯಾ ವಿಷವನ್ನು ಯೂರಿಯಾ ಮಾಡಿ ಹೊರದಬ್ಬಬೇಕು, ಪಿತ್ತ ಸುರಿಸಬೇಕು. ಜೊತೆಗೆ ತನ್ನನ್ನು ತಾನು ಕಟ್ಟಿಕೊಳ್ಳಬೇಕು. ಅಂಗಡಿಯ ಬಾಗಿಲು ಹಾಕದೆ ಅಂಗಡಿಯನ್ನೇ ಹೊಸದಾಗಿ ಕಟ್ಟಿದ ಹಾಗೆ. ಅದಕ್ಕಾಗಿ ಅದು ಕೆಲವು ಕೆಲಸ ತಗ್ಗಿಸಿಕೊಳ್ಳುತ್ತದೆ. ತಗ್ಗುವುದರಲ್ಲಿ ಮುಖ್ಯವಾದವು ಔಷಧಗಳನ್ನು ಒಡೆದು ಹಾಕುವ ಸೈಟೋಕ್ರೋಮ್ ಪಿ-450 ಕಿಣ್ವಗಳು. ಲಿವರಿನ ಈ ಕಿಣ್ವಗಳ ಜೀನುಗಳು ಹೇಗೆ ಚಾಲೂ ಆಗುತ್ತವೆ ಎಂಬುದರ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಬಹುಕಾಲ ದುಡಿದರು. 2024ರಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಕೊಟ್ಟ 'ವಿಜ್ಞಾನ ರತ್ನ' ಪುರಸ್ಕಾರ ಸಂದದ್ದು ಅವರಿಗೆ. ಈ ಕಿಣ್ವಗಳು ತಗ್ಗಿದ ದಿನಗಳಲ್ಲಿ ಎಂದಿನ ಮಾತ್ರೆಯೂ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಆಪರೇಶನ್ ಆದವರಿಗೆ ಮನೆಯವರು ಅಕ್ಕರೆಯಿಂದ ಕುಡಿಸುವ ಕಷಾಯ, ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ, 'ಲಿವರ್ ಟಾನಿಕ್ಕು' ಇವೆಲ್ಲವೂ ಅರೆಬರೆ ಕಟ್ಟಿದ ಅಂಗಡಿಗೆ ಬಂದ ಹೆಚ್ಚುವರಿ ಮೂಟೆಗಳೇ.

ಇನ್ನು ಆಸ್ಪತ್ರೆಯ ವರಾಂಡದಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವ ಕಾಗದದ ಮಾತು. ಆಪರೇಶನ್ ಆದ ಮರುದಿನದ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಎರಡು ಅಂಕಿಗಳು ನೂರುಗಳಲ್ಲಿ ಇರುತ್ತವೆ. 40ರ ಆಸುಪಾಸು ಇರಬೇಕಾದದ್ದು 400 ಆಗಿದೆ ಎಂದು ಮಗ ಓಡಿಬರುತ್ತಾನೆ. ಇವೂ ಕಿಣ್ವಗಳೇ, ಆದರೆ ಮೇಲೆ ಹೇಳಿದ ಬೆಳವಣಿಗೆಯ ಕಿಣ್ವಗಳಿಗೂ ಇವಕ್ಕೂ ಸಂಬಂಧವಿಲ್ಲ. ಇವು ಲಿವರ್ ಕೋಶದೊಳಗೆ ಇರಬೇಕಾದವು. ಕೊಯ್ಯುವಾಗ, ಒತ್ತುವಾಗ, ರಕ್ತ ತಡೆದಾಗ ಪೆಟ್ಟಾದ ಕೋಶಗಳಿಂದ ಸೋರಿ ರಕ್ತಕ್ಕೆ ಬಂದಿರುತ್ತವೆ. ಮೊದಲ ಒಂದೆರಡು ದಿನ ಏರಿ ಆಮೇಲೆ ಇಳಿಯುತ್ತಾ ಬಂದರೆ ಅದು ನಿರೀಕ್ಷಿತವೇ. ಬೆಳೆಯುವ ಕೋಶದ ಕಿಣ್ವಗಳನ್ನು ಯಾವ ಊರಿನ ಲ್ಯಾಬೂ ದಿನನಿತ್ಯದ ವರದಿಯಲ್ಲಿ ಬರೆದುಕೊಡುವುದಿಲ್ಲ. ಉಳಿದ ಲಿವರ್ ಕೆಲಸಕ್ಕೆ ನಿಂತಿದೆಯೇ ಎಂದು ತಿಳಿಯಲು ವೈದ್ಯರು ನೋಡುವುದು ಬೇರೆ ಎರಡನ್ನು: ರಕ್ತ ಹೆಪ್ಪುಗಟ್ಟುವ ಪ್ರೊಥ್ರಾಂಬಿನ್ ಪರೀಕ್ಷೆ ಮತ್ತು ಬಿಲಿರುಬಿನ್. ಫ್ರಾನ್ಸಿನ ಸರ್ಜನ್ನರು 2005ರಲ್ಲಿ ಮುಂದಿಟ್ಟ ಲೆಕ್ಕದ ಪ್ರಕಾರ ಐದನೆಯ ದಿನ ಪ್ರೊಥ್ರಾಂಬಿನ್ ಅರ್ಧಕ್ಕಿಂತ ಕೆಳಗಿದ್ದು, ಬಿಲಿರುಬಿನ್ ಸುಮಾರು 3 ಮಿಲಿಗ್ರಾಂ ದಾಟಿದ್ದರೆ ಜೀವಕ್ಕೆ ಅಪಾಯ ತೀರಾ ಹೆಚ್ಚು. ಇದಕ್ಕೆ ತದ್ವಿರುದ್ಧವಾದ ಮೋಸವೂ ಒಂದಿದೆ. ವರ್ಷಗಟ್ಟಲೆ ಕೆಟ್ಟು ಗಟ್ಟಿಯಾದ ಲಿವರಿನವರಲ್ಲಿ ಎಸ್‌ಜಿಪಿಟಿ ಕೆಲವೊಮ್ಮೆ ನೆಟ್ಟಗೇ ಇರುತ್ತದೆ. ಸೋರಲು ಕೋಶಗಳೇ ಹೆಚ್ಚು ಉಳಿದಿರುವುದಿಲ್ಲ. ಅಂಕಿ ನೋಡಿ 'ರಿಪೋರ್ಟು ನಾರ್ಮಲ್' ಎಂದು ಮನೆಗೆ ಹೋದವರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಮರಳಿ ಬರುತ್ತಾರೆ.

ಬೆಳೆಯಲು ಶುರುಮಾಡುವುದು ಹೇಗೆಂದು ತಿಳಿದಷ್ಟು ನಿಲ್ಲಿಸುವುದು ಹೇಗೆಂದು ತಿಳಿದಿಲ್ಲ. ಲಿವರಿಗೆ ಯಾರ ಮೈಯಲ್ಲಿದ್ದೇನೆ, ಅವರಿಗೆ ಎಷ್ಟು ಬೇಕು ಎಂಬ ಅಂದಾಜು ಇರುವಂತೆ ಕಾಣುತ್ತದೆ. ಅಮೆರಿಕದ ಥಾಮಸ್ ಸ್ಟಾರ್ಜಲ್ ತಂಡ 1992ರಲ್ಲಿ ಬಬೂನ್ ಕೋತಿಯ ಲಿವರನ್ನು ಮನುಷ್ಯನಿಗೆ ಜೋಡಿಸಿತು. ಆ ರೋಗಿ ಬದುಕಿದ್ದು 70 ದಿನ. ಆದರೆ ಅಷ್ಟರಲ್ಲಿ ಕೋತಿಯ ಚಿಕ್ಕ ಲಿವರ್ ಮನುಷ್ಯನ ಅಳತೆಗೆ ಬೆಳೆದಿತ್ತು. ಅಳತೆಯ ಕಡಿವಾಣವಾಗಿ ಕೆಲಸ ಮಾಡುವ ಜೀನುಗಳ ಸರಪಳಿಯೊಂದಕ್ಕೆ 'ಹಿಪ್ಪೊ' ಎಂದು ಹೆಸರಿಟ್ಟಿದ್ದಾರೆ. ಈ ಕಡಿವಾಣ ತಪ್ಪಿಸಿದಾಗ ಚಿಕ್ಕ ಇಲಿಯ ಲಿವರ್ ನಾಲ್ಕೈದು ಪಟ್ಟು ಊದಿ, ಕೊನೆಗೆ ಕ್ಯಾನ್ಸರಿಗೆ ತಿರುಗಿದ್ದನ್ನು 2007ರಲ್ಲಿ ಕಂಡರು. ಲಿವರ್ ಬೆಳೆಸುವ ಮಾತ್ರೆ ಯಾಕೆ ಇನ್ನೂ ಅಂಗಡಿಗೆ ಬಂದಿಲ್ಲ ಎಂದು ಕೇಳುವವರಿಗೆ ಒಂದು ಕಾರಣ ಇದೇ.

ಇಷ್ಟು ಹೊತ್ತು ಹೇಳಿದ್ದು ಆರೋಗ್ಯವಾದ ಲಿವರಿನ ಕಥೆ. ಅಂಥ ಲಿವರಿನಲ್ಲಿ ಕಾಲು ಪಾಲು ಉಳಿದರೂ ಸಾಕು, ಅದು ಮರಳಿ ಬೆಳೆಯುತ್ತದೆ. ಕ್ಯಾನ್ಸರ್ ಔಷಧಗಳಿಂದ ದಣಿದ ಲಿವರಾದರೆ ನೂರಕ್ಕೆ 30ರಷ್ಟಾದರೂ ಉಳಿಯಬೇಕು. ಸಿರೋಸಿಸ್ ಆಗಿದ್ದರೆ 40, ಅದೂ ರೋಗ ಇನ್ನೂ ಎಳಸಾಗಿದ್ದರೆ. ಕುಡಿತವೋ, ಹೆಪಟೈಟಿಸ್ 'ಬಿ'ಯೋ, ಕೊಬ್ಬು ತುಂಬಿಕೊಂಡದ್ದೋ, ಕಾರಣ ಯಾವುದಾದರೂ ಪೆಟ್ಟು ನಿಲ್ಲದೆ ಬೀಳುತ್ತಿದ್ದರೆ ಲಿವರ್ ಬೆಳೆಯುವುದನ್ನು ಬಿಡುವುದಿಲ್ಲ. ಕೋಶಗಳು ಒಡೆಯುತ್ತಲೇ ಇರುತ್ತವೆ, ಅವುಗಳ ಸುತ್ತ ಗಾಯದ ನಾರೂ ಬೆಳೆಯುತ್ತಿರುತ್ತದೆ. ಹೊಸ ಕೋಶಗಳು ನಾರಿನ ಗೋಡೆಯೊಳಗೆ ಸಿಕ್ಕಿ ಗಂಟುಗಂಟಾಗುತ್ತವೆ. ರಕ್ತ ಅವುಗಳನ್ನು ಮುಟ್ಟದೆ ಪಕ್ಕದಿಂದ ಹರಿದುಹೋಗುತ್ತದೆ. ಸಿರೋಸಿಸ್ ಆದ ಲಿವರನ್ನು ಮುಟ್ಟಿದರೆ ಸಿಗುವ ಗಂಟುಗಳು ಈ ಶಕ್ತಿಯ ದಾರಿತಪ್ಪಿದ ದುಡಿಮೆಯೇ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು, ಕುಡಿತ ನಿಂತಿಲ್ಲ. 'ಲಿವರ್ ತಾನ ಬೆಳೀತದಂತ' ಎಂಬ ಅರ್ಧ ತಿಳಿವಳಿಕೆ ಕುಡಿಯುವವರ ಬಾಯಲ್ಲಿ ನೆಪವಾಗುವುದೂ ಉಂಟು. ಹೆಪಟೈಟಿಸ್ 'ಬಿ' ಲಸಿಕೆಯಂತೂ 2011ರಿಂದ ಇಡೀ ದೇಶದಲ್ಲಿ ಮಕ್ಕಳಿಗೆ ಉಚಿತ. ಹುಟ್ಟಿದ 24 ಗಂಟೆಯೊಳಗಿನ ಮೊದಲ ಡೋಸು ಮುಖ್ಯ. ಕಾಮಣಿ ಔಷಧದ ಮಾತೂ ಇಲ್ಲಿಗೇ ಸೇರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಯೋ ಗಡ್ಡೆ ಬೆಳೆದೋ ಬಂದ ಹಳದಿಯಲ್ಲಿ ಮೂರು ವಾರ ಪಥ್ಯ ಮಾಡಿ ಕಾಯುವುದು ಎಂದರೆ, ಕೊಯ್ದರೆ ಉಳಿಯಬಹುದಾಗಿದ್ದ ಲಿವರನ್ನು ಕಳೆದುಕೊಳ್ಳುವುದು. ಮೈಯೆಲ್ಲ ತುರಿಕೆ, ಮಣ್ಣಿನಂತೆ ಬಿಳಚಿದ ಮಲ, ಚಳಿಜ್ವರ, ಮಾತಿನಲ್ಲಿ ತೊದಲು ಅಥವಾ ಮಂಪರು ಕಂಡರೆ ಸೊಪ್ಪಿನ ರಸಕ್ಕೆ ಹೊತ್ತಿಲ್ಲ.

ಕೊನೆಯದಾಗಿ, ಕೊಡುವವರ ವಿಷಯ. ಬದುಕಿರುವವರ ಲಿವರಿನ ತುಂಡನ್ನು ಇನ್ನೊಬ್ಬರಿಗೆ ಜೋಡಿಸಿ ಯಶಸ್ಸು ಕಂಡದ್ದು 1989ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ. ತಾಯಿ ಮಗನಿಗೆ ಕೊಟ್ಟಿದ್ದಳು. ಭಾರತದಲ್ಲಿ ಅಂಗಾಂಗ ಕಸಿಯ ಕಾನೂನು ಬಂದದ್ದು 1994ರಲ್ಲಿ. 1998ರ ನವೆಂಬರಿನಲ್ಲಿ ದಿಲ್ಲಿಯಲ್ಲಿ 20 ತಿಂಗಳ ತಮಿಳು ಮಗುವೊಂದಕ್ಕೆ ತಂದೆ ತನ್ನ ಲಿವರಿನ ಭಾಗ ಕೊಟ್ಟದ್ದು ದೇಶದ ಮೊದಲ ಯಶಸ್ಸು. ಆ ಮಗು ಬೆಳೆದು ಈಗ ವೈದ್ಯ. ಮಗುವಿಗೆ ಎಡಗಡೆಯ ಚಿಕ್ಕ ತುಂಡು ಸಾಕು. ದೊಡ್ಡವರಿಗೆ ಬಲಹಾಲೆಯೇ ಬೇಕು, ಅಂದರೆ ಕೊಡುವವರ ಲಿವರಿನ ನೂರಕ್ಕೆ 60ರಷ್ಟು. ಹೀಗೆ ಕೊಟ್ಟ ಸಾವಿರ ಜನರಲ್ಲಿ ಒಬ್ಬರಿಂದ ಐವರವರೆಗೆ ಜೀವ ಕಳೆದುಕೊಳ್ಳುವ ಸಂಭವವಿದೆ ಎಂದು ಜಗತ್ತಿನ ಅನುಭವ ಹೇಳುತ್ತದೆ. ಅದು ಬರಿಯ ಅಂಕಿಯಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲೇ, ಸಂಬಂಧಿಕರಿಗೆ ಲಿವರ್ ಕೊಟ್ಟ ಯುವತಿಯೊಬ್ಬರು ಕೆಲವೇ ದಿನಗಳಲ್ಲಿ ಸೋಂಕಿನಿಂದ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಲಿವರ್ ಬೆಳೆಯುತ್ತದೆ ಎಂಬುದು ನಿಜವಾಗಿದ್ದೂ, ಬೆಳೆಯುವ ಮುನ್ನಿನ ಆ ಕೆಲವು ದಿನಗಳು ದಾಟಲೇಬೇಕಾದ ಹೊಳೆ.

ಇಲ್ಲಿ ಒಂದು ಕಟು ಮಾತು ಹೇಳದೆ ವಿಧಿಯಿಲ್ಲ. ಈ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಮನೆಯ ಹಿರಿಯರ ಎದುರು ಸೊಸೆಯೋ ಮಡದಿಯೋ 'ಒಲ್ಲೆ' ಎನ್ನುವುದು ಎಷ್ಟು ಸಾಧ್ಯ ಎಂಬುದು ಎಲ್ಲರಿಗೂ ಗೊತ್ತು. ಕೊಡುವವರನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳುವುದು ವೈದ್ಯರ ಹೊಣೆ. ಆ ಕೋಣೆಯಲ್ಲಿ ಅವರೂ ಕೇಳಬೇಕಾದ ಪ್ರಶ್ನೆಗಳಿವೆ: ನನ್ನಲ್ಲಿ ಉಳಿಯುವುದು ನೂರಕ್ಕೆ ಎಷ್ಟು? ನನ್ನ ಲಿವರಿನಲ್ಲಿ ಕೊಬ್ಬು ಎಷ್ಟಿದೆ? ಈ ತಂಡ ಇಂಥ ಆಪರೇಶನ್ ಎಷ್ಟು ಮಾಡಿದೆ? ಪಿತ್ತ ಸೋರಿದರೆ, ಸೋಂಕು ತಗುಲಿದರೆ ರೋಣಕ್ಕೆ ಮರಳಿದ ಮೇಲೆ ಯಾರನ್ನು ಕಾಣಬೇಕು?

ಎಲ್ಲ ಸರಿಯಾಗಿ ನಡೆದರೆ ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ, ಬಲಹಾಲೆ ಕೊಟ್ಟವರ ಹೊಟ್ಟೆಯಲ್ಲಿ ಎಡಹಾಲೆ ಬಲಗಡೆಗೂ ಹರಡಿಕೊಂಡು ತುಂಬಿರುವುದು ಕಾಣುತ್ತದೆ. ತೂಕ ಹೆಚ್ಚುಕಡಿಮೆ ಮೊದಲಿನದೇ. ಪಿತ್ತಕೋಶ ಇರುವುದಿಲ್ಲ, ಆಪರೇಶನ್ನಿನಲ್ಲೇ ಅದನ್ನು ತೆಗೆದಿರುತ್ತಾರೆ. ಹೋದ ಹಾಲೆಯ ದೊಡ್ಡ ರಕ್ತನಾಳವೂ ಪಿತ್ತನಾಳವೂ ಮತ್ತೆ ಹುಟ್ಟಿರುವುದಿಲ್ಲ. ಹಾಗಾಗಿ ಲಿವರ್ ಎಷ್ಟೇ ಚೆನ್ನಾಗಿ ಬೆಳೆದರೂ ಅದೇ ವ್ಯಕ್ತಿಯಿಂದ ಎರಡನೆಯ ಸಲ ತೆಗೆಯಲು ಸರ್ಜನ್ನರು ಒಪ್ಪುವುದಿಲ್ಲ.